ಸ್ಪೆಶಲ್ ಎಡಿಶನ್ನಿನ ಹದಿನೇಳು ದೋಷಗಳು

ನಮ್ಮ ಮಾಮಾ, ಅಂದರೆ ಅವ್ವನ ಬೆನ್ನಿಗೆ ಹುಟ್ಟಿದ ತಮ್ಮ, ಇಪ್ಪತ್ತೆರಡು ವರ್ಷ ಊರಿಗೆಲ್ಲ ಸಿನಿಮಾ ತೋರಿಸಿದ ಮನುಷ್ಯ. ಆದರೆ ಒಂದೇ ಒಂದು ಸಿನಿಮಾವನ್ನೂ ಮೊದಲಿನಿಂದ ಕಡೆಯವರೆಗೆ ನೋಡಿದವರಲ್ಲ! ನಂಬುವುದಿಲ್ಲವೇ? ಜೇವರ್ಗಿಯ ಟೆಂಟ್ ಟಾಕೀಸಿನಲ್ಲಿ ಅವರು ಆಪರೇಟರ್ ಆಗಿದ್ದರು. ಒಂದು ರೀಲು ಓಡುತ್ತಿರುವಾಗ ಮುಂದಿನ ರೀಲು ಸಿದ್ಧ ಮಾಡಬೇಕು, ಮುಗಿದದ್ದನ್ನು ಹಿಂದಕ್ಕೆ ಸುತ್ತಬೇಕು, ಹರಿದ ಫಿಲ್ಮು ಅಂಟಿಸಬೇಕು. ಹೀಗಾಗಿ ನಾಯಕನಿಗೆ ಮದುವೆಯಾದದ್ದನ್ನು ಅವರು ವಾಲಗದ ಸದ್ದಿನಿಂದ ತಿಳಿಯುತ್ತಿದ್ದರು, ಖಳನಾಯಕ ಸತ್ತದ್ದನ್ನು ಜನರ ಸಿಳ್ಳೆಯಿಂದ. ಇಂಥವರು ಈಗ, ಅರವತ್ತೇಳನೆಯ ವಯಸ್ಸಿನಲ್ಲಿ, ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲೂಕಿಗೆ ಹಳೆಯ ಸಿನಿಮಾಗಳ ಸ್ಪೆಶಲ್ ಎಡಿಶನ್ ಡಿಸ್ಕುಗಳ ಗುಣಮಟ್ಟ ಅಳೆಯುವ ಏಕೈಕ ನ್ಯಾಯಾಧೀಶರು!

ಅವರ ಬಗ್ಗೆ ನಗುತ್ತಲೇ ಬರೆಯುತ್ತೇನೆ. ನಗುವುದು ನನಗೆ ಸುಲಭ. ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಆದರೆ ಈ ಬರಹ ಮುಗಿಯುವಾಗ ತಲೆ ತಗ್ಗಿಸಬೇಕಾದವಳು ನಾನೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಂದು ಡಿಸ್ಕನ್ನು ಅವ್ವನಿಗೆ ತೋರಿಸಬೇಡ ಎಂದು ಮಾಮಾ ಎರಡು ತಿಂಗಳು ಬೇಡಿಕೊಂಡರು. ನಾನು ತೋರಿಸಿದೆ. ವಿಷಯ ಇಷ್ಟೇ.

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು, ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಸಾಕ್ಷಿ ಇಲ್ಲದೆ ಏನನ್ನೂ ನಂಬಬೇಡಿ ಎಂದು ವರ್ಷವಿಡೀ ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಹದಿನೆಂಟನೆಯ ವಯಸ್ಸಿನಿಂದ ಡೈರಿ ಬರೆಯುತ್ತಿರುವುದೂ ಇದೇ ಕಾರಣಕ್ಕೆ: ನನ್ನ ನೆನಪಿನ ಮೇಲೆ ನನಗೆ ಭರವಸೆಯಿಲ್ಲ. ಟೆಂಟಿನಲ್ಲಿ ಅಪ್ಪನ ತೊಡೆಯ ಮೇಲೆ ಕೂತು, ಶೇಂಗಾ ತಿನ್ನುತ್ತಾ, ಒಬ್ಬ ಎತ್ತಿನಗಾಡಿಯವನ ಕಥೆಯಿದ್ದ ಸಿನಿಮಾ ನೋಡಿದ್ದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಪರದೆಯ ಮೂಲೆಯಲ್ಲಿ ಹಾಕಿದ್ದ ತೇಪೆ ಕೂಡ ನೆನಪಿದೆ. ಆದರೆ ಆ ಸಿನಿಮಾ ಜೇವರ್ಗಿಗೆ ಬಂದಾಗ ನಾನು ಹುಟ್ಟಿರಲೇ ಇಲ್ಲ! ಇಂಥ ತಲೆಯನ್ನು ಯಾರಾದರೂ ನಂಬುತ್ತಾರೆಯೇ?

ಮಾಮಾನ ಮನೆ ನಮ್ಮ ಮನೆಯಿಂದ ಎರಡು ಓಣಿ ಆಚೆ. ಅವರ ಕಬ್ಬಿಣದ ಅಲಮಾರಿಯಲ್ಲಿ ಮೇಲಿನ ಮೂರು ಅಂಕಣ ಡಿಸ್ಕುಗಳಿಗೆ, ಕೆಳಗಿನ ಒಂದು ಅಂಕಣ ಗಂಡ ಹೆಂಡತಿ ಇಬ್ಬರ ಬಟ್ಟೆಗಳಿಗೆ. ಡಿಸ್ಕುಗಳ ನಡುವೆ ಬೇವಿನ ಎಲೆ, ಅಲ್ಲಲ್ಲಿ ನುಸಿಗುಳಿಗೆ. ಡಿಸ್ಕು ಮುಟ್ಟುವ ಮೊದಲು ಸೋಪು ಹಚ್ಚಿ ಕೈ ತೊಳೆಯಬೇಕು. ಊಟಕ್ಕೆ ಮೊದಲು ಕೈ ತೊಳೆಯಿರಿ ಎಂದರೆ ಮಾತ್ರ, ಚಮಚ ಇದೆಯಲ್ಲ ಎನ್ನುತ್ತಾರೆ ಎಂದು ಮಾಮಾನ ಹೆಂಡತಿಯಾದ ಅತ್ತೆಯ ದೂರು.

ಹೊಸ ಸ್ಪೆಶಲ್ ಎಡಿಶನ್ ಬಂತೆಂದರೆ ಮಾಮಾ ಮೊದಲು ಅದನ್ನು ನೋಡುವುದಿಲ್ಲ, ತೂಗುತ್ತಾರೆ! ಓಣಿಯ ಮೂಲೆಯ ಕಿರಾಣಿ ಅಂಗಡಿಗೆ ಹೋಗಿ, ತೊಗರಿಬೇಳೆ ತೂಗುತ್ತಿದ್ದವನನ್ನು ನಿಲ್ಲಿಸಿ, ತಕ್ಕಡಿಯ ಮೇಲೆ ಡಬ್ಬಿ ಇಡುತ್ತಾರೆ. ಆಮೇಲೆ ಡಿಸ್ಕು ಹೊರಗೆ ತೆಗೆದು ಖಾಲಿ ಡಬ್ಬಿಯನ್ನಷ್ಟೇ ತೂಗುತ್ತಾರೆ. ಎರಡಕ್ಕೂ ಹೆಚ್ಚು ವ್ಯತ್ಯಾಸ ಕಾಣದಿದ್ದರೆ ಮುಖ ಗಂಟಿಕ್ಕಿ, ಕಂಪನಿಯವರು ರಟ್ಟು ಮಾರಿದ್ದಾರೆ ಎಂದು ತೀರ್ಪು ಕೊಡುತ್ತಾರೆ. ಒಮ್ಮೆ ಬೇಳೆಗೆ ಕಾದು ನಿಂತಿದ್ದ ಹೆಣ್ಣುಮಗಳೊಬ್ಬಳು, ಅಷ್ಟು ಹಗುರ ಅನ್ನಿಸಿದರೆ ಒಳಗೆ ಒಂದು ಹಿಡಿ ಬೇಳೆ ಹಾಕಿಸಿಕೊಳ್ಳಿರಿ ಎಂದಳಂತೆ. ಮಾಮಾ ಆಕೆಗೆ ಅರ್ಧ ತಾಸು ಗುಣಮಟ್ಟದ ಬಗ್ಗೆ ತಿಳಿಹೇಳಿದರು. ಆಕೆಯ ಮನೆಯಲ್ಲಿ ಅಂದು ಸಾರು ತಡವಾಗಿರಬೇಕು.

ಡಿಸ್ಕುಗಳ ಜೊತೆ ಬರುವ ಹೆಚ್ಚುವರಿ ಸರಕಿನ ಮೇಲೂ ಅವರಿಗೆ ತಕರಾರು. ನಿರ್ದೇಶಕ ಸಿನಿಮಾದುದ್ದಕ್ಕೂ ಹಿನ್ನೆಲೆಯಲ್ಲಿ ಮಾತಾಡಿ, ಈ ದೃಶ್ಯ ಹೇಗೆ ತೆಗೆದೆ, ಆ ಮಳೆ ಹೇಗೆ ಸುರಿಸಿದೆ ಎಂದು ವಿವರಿಸುತ್ತಾನಲ್ಲ, ಅದನ್ನು ಮೊದಲ ಸಲ ಕೇಳಿದಾಗ ಮಾಮಾ ಹೌಹಾರಿದರು. “ನಮ್ಮ ಟೆಂಟಿನಾಗ ಪಿಚ್ಚರ್ ನಡದಾಗ ಇಷ್ಟು ಮಾತಾಡಿದ್ರ, ಎಬ್ಬಿಸಿ ಹೊರಗ ಹಾಕ್ತಿದ್ವಿ” ಎಂದರು. ಕತ್ತರಿಸಿದ ದೃಶ್ಯಗಳನ್ನು ಕಂಪನಿಯವರು ಉಡುಗೊರೆಯೆಂಬಂತೆ ಬೇರೆಯಾಗಿ ಕೊಡುವುದನ್ನು ಕಂಡರಂತೂ ಮೈಯೆಲ್ಲ ಉರಿ. ಕತ್ತರಿಸಿದವನಿಗೆ ಏನೋ ಒಂದು ಕಾರಣ ಇದ್ದೇ ಇರುತ್ತದೆ, ಅದನ್ನು ಕೆದಕುವ ಅಧಿಕಾರ ಇವರಿಗೆ ಕೊಟ್ಟವರು ಯಾರು ಎಂದು ಕೇಳುತ್ತಿದ್ದರು. ನಾನು ಆ ಮಾತನ್ನು ಡೈರಿಯಲ್ಲಿ ತಮಾಷೆ ಎಂದು ಬರೆದುಕೊಂಡಿದ್ದೇನೆ.

ಇಂಥ ಹುಚ್ಚು ಇವರೊಬ್ಬರಿಗೇ ಇದ್ದಿದ್ದರೆ ಸಹಿಸಬಹುದಿತ್ತು. ಮೂರು ತಾಲೂಕಿನ ಇಂಥವರೆಲ್ಲ ಸೇರಿ ಫೋನಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದಾರೆ. ನನ್ನನ್ನೂ ಸೇರಿಸಿದ್ದಾರೆ, ಓದಿದವಳೊಬ್ಬಳು ಇರಲಿ, ಜಗಳ ಬಂದಾಗ ಸಾಕ್ಷಿ ಹುಡುಕಲು ಬೇಕಾಗುತ್ತಾಳೆ ಎಂದು. ಜಗಳ ಬಾರದ ದಿನ ಯಾವುದು? ಹಳೆಯ ಫಿಲ್ಮಿನ ಮೇಲೆ ಜೋಳದ ಹಿಟ್ಟು ಹಾರಿದಂತೆ ಸಣ್ಣ ಕಾಳು ಕಾಣುತ್ತದಲ್ಲ, ಅದನ್ನು ಒರೆಸಬೇಕೋ ಬಿಡಬೇಕೋ ಎಂಬ ಒಂದೇ ವಿಷಯಕ್ಕೆ ಅಫಜಲಪುರದ ನಿವೃತ್ತ ಮಾಸ್ತರರೊಬ್ಬರು ನಾಲ್ಕು ಸಲ ಗುಂಪು ಬಿಟ್ಟು, ಆರು ಸಲ ಸೇರಿದ್ದಾರೆ. ಲೆಕ್ಕ ಹೇಗೆ ಕೂಡಿತು ಎಂದು ನನ್ನನ್ನು ಕೇಳಬೇಡಿ.

ಮಾಮಾನ ಎದುರು ನಿಲ್ಲಬಲ್ಲವರು ಒಬ್ಬರೇ: ಆಳಂದದ ಟೇಲರ್ ಚಾಚಾ. ಮಾಮಾನ ವಯಸ್ಸಿನವರೇ, ಆದರೆ ಊರಿಗೆಲ್ಲ ಚಾಚಾ. ಅವರ ವಾದ ಯಾವಾಗಲೂ ಬಟ್ಟೆಯ ಕಡೆಯಿಂದ ಬರುತ್ತದೆ. ಒಂದು ಹಳೆಯ ಸಿನಿಮಾದಲ್ಲಿ ನಾಯಕಿ ತೊಟ್ಟ ಕುಬಸ ಗಿಳಿಹಸಿರು; ಅದನ್ನು ನೋಡಿ ಆಳಂದದ ಹೆಣ್ಣುಮಕ್ಕಳು ಹಾಗೆಯೇ ಬೇಕೆಂದು ಮುಗಿಬಿದ್ದಾಗ ಚಾಚಾ ಒಂದೇ ತಿಂಗಳಲ್ಲಿ ಮೂರು ಡಜನ್ ಹೊಲಿದಿದ್ದರು. ಸ್ಪೆಶಲ್ ಎಡಿಶನ್ನಿನಲ್ಲಿ ನೋಡಿದರೆ ಅದು ನವಿಲುನೀಲಿ! ಚಾಚಾ ಸುಮ್ಮನಿರುತ್ತಾರೆಯೇ? ಹಳೆಯ ಅಳತೆ ಪುಸ್ತಕದಲ್ಲಿ ಪಿನ್ನು ಹಾಕಿ ಇಟ್ಟಿದ್ದ ಬಟ್ಟೆಯ ಚೂರು ತೆಗೆದುಕೊಂಡು, ಬಸ್ಸು ಹತ್ತಿ, ಜೇವರ್ಗಿಗೆ ಬಂದು, ಮಾಮಾನ ಟಿವಿಯ ಗಾಜಿಗೆ ಅದನ್ನು ಒತ್ತಿ ಹಿಡಿದು ನಿಂತರು. ನಾಯಕಿ ಓಡಿದಂತೆಲ್ಲ ಚಾಚಾನ ಕೈಯೂ ಅವಳ ಹಿಂದೆ ಓಡಬೇಕಾಯಿತು.

“ಆಪರೇಟರ್ ಸಾಬ್, ಝರಾ ಕಣ್ಣು ತಗದು ನೋಡ್ರಿ. ಎಲ್ಲಿ ಹಸಿರು, ಎಲ್ಲಿ ನೀಲಿ!”

“ಮಾಸ್ಟರ್, ಬಟ್ಟಿ ಇಷ್ಟು ವರ್ಷ ಇಟ್ರ ಬಣ್ಣ ಹೋಗ್ತದ. ಮೊದಲ ನಿಮ್ಮ ಚೂರಿಗೆ ಒಂದು ಸ್ಪೆಶಲ್ ಎಡಿಶನ್ ತಗಿಸ್ರಿ.”

ಇಬ್ಬರೂ ಎರಡು ತಾಸು ಕಿತ್ತಾಡಿ, ಒಂದೇ ತಟ್ಟೆಯಲ್ಲಿ ಮಂಡಾಳ ಒಗ್ಗರಣೆ ತಿಂದು, ಬಸ್‌ಸ್ಟ್ಯಾಂಡಿನವರೆಗೆ ಜಗಳವಾಡುತ್ತಾ ನಡೆದು ಹೋದರು.

ಇನ್ನು ಆ ಗಾಡಿಯವನ ಸಿನಿಮಾಕ್ಕೆ ಬರುತ್ತೇನೆ. ಒಬ್ಬ ಗಾಡಿಯವ, ಅವನ ಹೆಂಡತಿ, ವರ್ಷ ತುಂಬದ ಗಂಡುಕೂಸು. ಕೂಸಿಗೆ ಜ್ವರ ಬರುತ್ತದೆ, ಗಾಡಿ ಕಟ್ಟಿಕೊಂಡು ಪಟ್ಟಣದ ಡಾಕ್ಟರ ಹತ್ತಿರ ಹೊರಡುತ್ತಾರೆ. ಆಮೇಲೆ ಗೌಡನ ಕಾಟ, ಇಟ್ಟಿಗೆ ಭಟ್ಟಿಯ ಕೂಲಿ, ಕೊನೆಗೆ ಗೌಡನಿಗೆ ತಕ್ಕ ಶಾಸ್ತಿ. ಒಂದೇ ಪ್ರಿಂಟು ಮೂರೂ ಊರಿಗೆ ಬಂದದ್ದು. ಆಳಂದದಲ್ಲಿ ಹತ್ತು ದಿನ ಓಡಿತು, ಅಫಜಲಪುರದಲ್ಲಿ ಎರಡು ವಾರ, ಜೇವರ್ಗಿಯಲ್ಲಿ ಏಳು ವಾರ! ನಮ್ಮ ಊರಿನವರ ಅಭಿರುಚಿಗೆ ಇದಕ್ಕಿಂತ ಪುರಾವೆ ಬೇಕೇ ಎಂದು ಜೇವರ್ಗಿಯ ಮಂದಿ ಇಂದಿಗೂ ಎದೆ ಉಬ್ಬಿಸುತ್ತಾರೆ.

ಅವ್ವ ತನ್ನ ಜೀವಮಾನದಲ್ಲಿ ಮೆಚ್ಚಿದ ಸಿನಿಮಾ ಅದೊಂದೇ. ಚಿಕ್ಕವಳಿದ್ದಾಗ ನನ್ನನ್ನು ಮಲಗಿಸಲು ಅದರ ಕಥೆಯನ್ನೇ ಹೇಳುತ್ತಿದ್ದಳು. ಗಾಡಿ ಪಟ್ಟಣ ಮುಟ್ಟುತ್ತದೆ, ಡಾಕ್ಟರು ಕನ್ನಡಕ ಏರಿಸಿ ನೋಡಿ ಔಷಧ ಕೊಡುತ್ತಾರೆ, ಕೂಸು ಕಣ್ಣು ಬಿಟ್ಟು ಹಾಲಿಗಾಗಿ ಅಳುತ್ತದೆ. ನಾನು ಆ ಹೊತ್ತಿಗೆ ನಿದ್ದೆ ಹೋಗಿರುತ್ತಿದ್ದೆ.

ಆ ಸಿನಿಮಾ ಎರಡು ಡಿಸ್ಕುಗಳ ಸ್ಪೆಶಲ್ ಎಡಿಶನ್ ಆಗಿ ಬಂದಿದೆ ಎಂದು ಗುಂಪಿನಲ್ಲಿ ಸುದ್ದಿ ಬಿದ್ದ ದಿನವೇ ಜಗಳ ಹತ್ತಿತು. ಕೂಸು ಗಾಡಿಯಲ್ಲೇ ತೀರಿಕೊಳ್ಳುವ ದೃಶ್ಯ ಈ ಸಲವಾದರೂ ಸ್ಪಷ್ಟವಾಗಿ ಕಾಣುತ್ತದೋ ಇಲ್ಲವೋ ಎಂದು ಚಾಚಾ ಬರೆದಿದ್ದರು. ಜೇವರ್ಗಿಯವರು ಮೇಲೆ ಬಿದ್ದರು. ಯಾವ ಕೂಸು ತೀರಿಕೊಂಡಿತು? ಯಾವಾಗ? ಹಾಗಾದರೆ ಇಟ್ಟಿಗೆ ಭಟ್ಟಿಯಲ್ಲಿ ತಂದೆತಾಯಿಯ ಜೊತೆ ಕೂಸು ಯಾಕಿಲ್ಲ ಎಂದು ಅಫಜಲಪುರದ ಮಾಸ್ತರರು ಕೇಳಿದರು. ಅದನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದಾರೆ ಎಂದು ಜೇವರ್ಗಿ ಒಕ್ಕೊರಲಿನಿಂದ ಉತ್ತರಿಸಿತು. ಅಜ್ಜಿಯ ಊರು ಇಲ್ಲೇ ಪಕ್ಕದ ಯಡ್ರಾಮಿ ಎಂದೂ ಒಬ್ಬರು ಬರೆದರು. ಸಿನಿಮಾ ತೆಗೆದದ್ದು ಕಾವೇರಿ ದಂಡೆಯಲ್ಲಿ!

ನ್ಯಾಯಾಧೀಶರ ತೀರ್ಪು ಎಲ್ಲರಿಗೂ ಬೇಕಿತ್ತು. ಮಾಮಾ ಒಂದು ದಿನ ಬಿಟ್ಟು, ಕೂಸು ಬದುಕುತ್ತದೆ, ಆಳಂದದವರು ಬೇರೆ ಯಾವುದೋ ಸಿನಿಮಾದೊಂದಿಗೆ ಕಲಸಿಕೊಂಡಿದ್ದಾರೆ, ಈ ಹೊಸ ಡಿಸ್ಕು ಬಹಳ ಕಳಪೆ, ಯಾರೂ ತರಿಸಬೇಡಿ ಎಂದು ಬರೆದರು. ಡಿಸ್ಕು ಇನ್ನೂ ಮೂರು ತಾಲೂಕಿನಲ್ಲಿ ಒಬ್ಬರ ಕೈಗೂ ಸಿಕ್ಕಿರಲಿಲ್ಲ. ಕಾಣದೆಯೇ ಕಳಪೆ ಎನ್ನಬಲ್ಲವರು ಇವರೊಬ್ಬರೇ ಎಂದು ನಾನು ನಕ್ಕು, ಅಂದೇ ತರಿಸಿದೆ. ಅವ್ವನಿಗೆ ಹೇಳಿಯೂ ಬಿಟ್ಟೆ. ಅವಳು ಟಿವಿಯ ಮೇಲಿನ ದೂಳು ಒರೆಸಿ, ಯಾವ ದಿನ ಬರುತ್ತದೆ ಎಂದು ದಿನಕ್ಕೆರಡು ಸಲ ಕೇಳತೊಡಗಿದಳು.

ಪಾರ್ಸೆಲ್ ಬಂದ ದಿನ ಮಾಮಾ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಬಂದರು. ನಾನು ಮೊದಲು ಪರೀಕ್ಷೆ ಮಾಡುತ್ತೇನೆ ಎಂದು ಎತ್ತಿಕೊಂಡು ಹೋದವರು ಇಪ್ಪತ್ನಾಲ್ಕು ದಿನ ಹಿಂದಿರುಗಿಸಲಿಲ್ಲ. ಕೇಳಿ ಕೇಳಿ ಸಾಕಾದ ಮೇಲೆ ಎರಡನೆಯ ಡಿಸ್ಕನ್ನು ಮಾತ್ರ ತಂದುಕೊಟ್ಟು, ಮೊದಲನೆಯದಕ್ಕೆ ಥಂಡಿ ಹಿಡಿದಿದೆ, ಬಿಸಿಲಿಗೆ ಇಟ್ಟಿದ್ದೇನೆ ಎಂದರು! ಆ ಎರಡನೆಯ ಡಿಸ್ಕಿನಲ್ಲಿದ್ದದ್ದು ವಯಸ್ಸಾದ ತಂತ್ರಜ್ಞರ ಸಂದರ್ಶನಗಳು. ಅವ್ವ ಅದನ್ನೇ ಸಿನಿಮಾ ಎಂದುಕೊಂಡು ಮುಕ್ಕಾಲು ತಾಸು ನೋಡಿ, ಈ ಮುದುಕರು ಯಾವಾಗ ಎದ್ದು ಗಾಡಿ ಹೂಡುತ್ತಾರೆ ಎಂದು ನನ್ನನ್ನು ಕೇಳಿದಳು.

ಆಮೇಲೆ ಬಂದದ್ದು ದೋಷಗಳ ಪಟ್ಟಿ. ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ, ದುಂಡಗಿನ ಅಕ್ಷರದಲ್ಲಿ, ಒಟ್ಟು ಹದಿನೇಳು. ಮೂರನೆಯ ದೋಷ: ಕಾಳು ಪೂರ್ತಿ ಒರೆಸಿ, ಮುಖಗಳನ್ನು ಮೇಣದ ಬೊಂಬೆ ಮಾಡಿದ್ದಾರೆ. ಹನ್ನೊಂದನೆಯದು: ಕಾಳು ವಿಪರೀತ, ಮುಖವೇ ಕಾಣುವುದಿಲ್ಲ. ಐದನೆಯದು: ಧ್ವನಿ ಕೇಳುವುದಿಲ್ಲ. ಹದಿನಾಲ್ಕನೆಯದು: ಧ್ವನಿ ಜೋರಾಗಿ ಕಿವಿಗೆ ಅಪಾಯ. ಒಂಬತ್ತನೆಯದು: ಬಲಗಡೆಯ ಎತ್ತಿನ ಬಣ್ಣ ಮೊದಲಿನಂತಿಲ್ಲ. ಹದಿನಾರನೆಯದು: ಡಬ್ಬಿಯ ಮುಚ್ಚಳ ಬಿಗಿ, ಉಗುರು ಮುರಿಯಬಹುದು. ಹದಿನೇಳನೆಯದು: ಒಟ್ಟಿನಲ್ಲಿ ವಯಸ್ಸಾದ ಹೆಣ್ಣುಮಕ್ಕಳು ನೋಡುವಂಥದ್ದಲ್ಲ.

ಪಟ್ಟಿ ಕೊಟ್ಟು ಹೋಗುವಾಗ ಅವರು ಬಾಗಿಲಲ್ಲಿ ನಿಂತು, ಅವ್ವ ಅಡುಗೆಮನೆಯಲ್ಲಿದ್ದಾಳೆಂದು ಖಾತ್ರಿ ಮಾಡಿಕೊಂಡು, ಮೆಲ್ಲಗೆ ಹೇಳಿದರು.

“ನೀ ಬೇಕಾದ್ರ ನೋಡು. ಊರಿಗೆಲ್ಲ ತೋರಿಸು. ಅಕ್ಕಗ ಮಾತ್ರ ಬ್ಯಾಡ ಬೇ.”

“ಯಾಕ ಮಾಮಾ?”

“ಕ್ವಾಲಿಟಿ ಛಲೋ ಇಲ್ಲ.”

ಆಗ ಅವರ ಮುಖ ಹೇಗಿತ್ತು? ಈಗ ನೆನೆದರೆ, ಕಣ್ಣು ಕೆಂಪಾಗಿತ್ತು ಎಂದು ನನ್ನ ತಲೆ ಹೇಳುತ್ತದೆ. ಆದರೆ ಅದು ಆಮೇಲೆ ನಾನೇ ಹಚ್ಚಿದ ಬಣ್ಣವಿರಬಹುದು. ಅಂದಿನ ಡೈರಿಯಲ್ಲಿ ಇರುವುದು ಇಷ್ಟೇ: “ಮಾಮಾನ ಹಟ. ನಗು ಬಂತು.”

ನಗು ಬಂದದ್ದಷ್ಟೇ ಆಗಿದ್ದರೆ ಪರವಾಗಿರಲಿಲ್ಲ. ನಾನು ಆ ಪಟ್ಟಿಯ ಫೋಟೊ ತೆಗೆದು, ಒಂದಕ್ಕೊಂದು ತಾಳೆಯಾಗದ ದೋಷಗಳಿಗೆ ಕೆಂಪು ಗೆರೆ ಎಳೆದು, ಉತ್ತರಪತ್ರಿಕೆ ತಿದ್ದಿದಂತೆ ನೂರಕ್ಕೆ ಏಳು ಅಂಕ ಹಾಕಿ ಗುಂಪಿನಲ್ಲಿ ಹಂಚಿದೆ. ಮೂರು ತಾಲೂಕು ಬಿದ್ದು ಬಿದ್ದು ನಕ್ಕಿತು. ಟೆಂಟಿನ ಕಾಲದಿಂದ ಮಾಮಾನನ್ನು ಬಲ್ಲವರೂ ನಕ್ಕರು. ಚಾಚಾ ಮಾತ್ರ, ಬಿಡಿರಿ ಮೇಡಂ, ದೊಡ್ಡವರಿದ್ದಾರೆ ಎಂದು ಬರೆದರು. ಮಾಮಾ ಏನೂ ಬರೆಯಲಿಲ್ಲ. ಗೆದ್ದದ್ದು ನಾನೇ ಎಂದು ನ್ಯಾಯಾಧೀಶರು ಒಪ್ಪಿಕೊಂಡರು ಅಂದುಕೊಂಡೆ.

ಗೆಲುವಿನ ರುಚಿ ಹತ್ತಿದವಳು ನಾನು, ಇನ್ನು ಬಿಡುತ್ತೇನೆಯೇ? ಕೂಸು ಬದುಕಿತೋ ಸತ್ತಿತೋ, ಭಾನುವಾರ ಹನ್ನೊಂದಕ್ಕೆ ನಮ್ಮ ಮನೆಯಲ್ಲಿ ಎಲ್ಲರ ಎದುರು ತೀರ್ಮಾನ ಎಂದು ಗುಂಪಿನಲ್ಲಿ ಸಾರಿದೆ. ಮೊದಲನೆಯ ಡಿಸ್ಕನ್ನು ಅತ್ತೆಯ ನೆರವಿನಿಂದ ಅಲಮಾರಿಯಿಂದ ಹಾರಿಸಿ ತಂದೆ. ಅದು ಮಾಮಾನ ಧೋತರದ ಮಡಿಕೆಯೊಳಗೆ ಇತ್ತಂತೆ.

ಭಾನುವಾರ ಆಳಂದದಿಂದ ಚಾಚಾ ಬಂದರು, ಅಫಜಲಪುರದಿಂದ ಮಾಸ್ತರರು ಇಬ್ಬರು ಗೆಳೆಯರೊಂದಿಗೆ ಬಂದರು, ಓಣಿಯ ಐದಾರು ಮಂದಿ ಸೇರಿದರು. ಅವ್ವ ಇಳಕಲ್ ಸೀರೆ ಉಟ್ಟು ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಕೊಂಡು ಕೂತಳು. ಎಪ್ಪತ್ತೊಂದು ವರ್ಷದ ಅವ್ವ ಅಂದು ಎಲ್ಲರಿಗಿಂತ ಚಿಕ್ಕವಳಂತೆ ಕಂಡಳು. ಮಾಮಾ ಕೊನೆಗೆ ಬಂದು, ಒಳಗೆ ಬಾರದೆ, ಹೊಸ್ತಿಲ ಹತ್ತಿರ ಕೂತರು.

ಸಿನಿಮಾ ಶುರುವಾಯಿತು. ನಿಜ ಹೇಳಬೇಕೆಂದರೆ ಗುಣಮಟ್ಟ ಬಹಳ ಚೆನ್ನಾಗಿತ್ತು. ಬಲಗಡೆಯ ಎತ್ತಿನ ಬಣ್ಣವೂ ಸರಿಯಾಗಿಯೇ ಇತ್ತು. ಕೂಸಿಗೆ ಜ್ವರ ಏರಿತು. ಗಾಡಿಯವ ಎತ್ತುಗಳನ್ನು ಬಿಚ್ಚಿ ತಂದ. ಅಷ್ಟರಲ್ಲಿ ಟಿವಿ ಆರಿತು, ಫ್ಯಾನು ನಿಂತಿತು.

ಎದುರು ಮನೆಯ ರೇಡಿಯೊ ಹಾಡುತ್ತಲೇ ಇತ್ತು. ನನಗೆ ಅನುಮಾನ ಬಂದು ಪಡಸಾಲೆಗೆ ಹೋದರೆ, ಮಾಮಾ ಸ್ಟೂಲಿನ ಮೇಲೆ ನಿಂತಿದ್ದಾರೆ! ಕೈಯಲ್ಲಿ ಮೀಟರ್ ಬೋರ್ಡಿನ ಬಿಳಿ ಫ್ಯೂಜು. ಬೋಳುತಲೆಯ ಮೇಲೆ ಜೇಡರ ಬಲೆ.

“ಸೋತೆ ಅಂತ ಒಪ್ಪಿಕೊಳ್ಳಾಕ ಇಷ್ಟು ತ್ರಾಸೇನು ಮಾಮಾ?” ಎಂದೆ. ಒಳಗಿನವರಿಗೆ ಕೇಳಲಿ ಎಂದೇ ದನಿ ಎತ್ತಿ ಹೇಳಿದೆ. ಒಳಗೆ ಎಲ್ಲರೂ ನಕ್ಕರು.

ಅವರು ಸ್ಟೂಲಿನಿಂದ ಇಳಿಯಲಿಲ್ಲ. “ಒಂದ ಹತ್ತು ಮಿನಿಟು ಬೇ. ಆಮ್ಯಾಲ ಹಚ್ಚು. ಹತ್ತು ಮಿನಿಟು ಮುಂದಿಂದ ಹಚ್ಚು” ಎಂದರು.

ನನಗೆ ನೆನಪಿರುವಂತೆ ಫ್ಯೂಜನ್ನು ಅವರೇ ನನ್ನ ಕೈಗೆ ಕೊಟ್ಟರು. ಕಸಿದುಕೊಂಡೆ ಎಂದು ಡೈರಿಯಲ್ಲಿದೆ.

ಕರೆಂಟು ಬಂತು. ಗಾಡಿ ಕತ್ತಲ ದಾರಿಯಲ್ಲಿ ಹೊರಟಿತು. ತಾಯಿ ಕೂಸನ್ನು ಸೆರಗಿನೊಳಗೆ ಸುತ್ತಿ ಹಿಡಿದಿದ್ದಾಳೆ. ಗಾಡಿಯ ಕೆಳಗೆ ಲಾಟೀನು ತೂಗಾಡುತ್ತಿದೆ. ಒಂದು ಕಡೆ ತಾಯಿ ಕೂಸಿನ ಎದೆಯ ಮೇಲೆ ಅಂಗೈ ಇಡುತ್ತಾಳೆ. ತೆಗೆಯುವುದಿಲ್ಲ. ಗಾಡಿಯವನಿಗೆ ತಿಳಿಯುತ್ತದೆ. ಎತ್ತುಗಳು ನಿಲ್ಲುತ್ತವೆ.

ನಾನು ಎದ್ದು ನಿಂತು, “ಸತ್ತಿತು ನೋಡ್ರಿ. ಆಳಂದದವರದೇ ಖರೆ” ಎಂದೆ.

ಚಪ್ಪಾಳೆ ತಟ್ಟಿದೆನೋ ಇಲ್ಲವೋ ನೆನಪಿಲ್ಲ. ಡೈರಿಯಲ್ಲಿಯೂ ಇಲ್ಲ. ಚಾಚಾನನ್ನು ಕೇಳಿದರೆ ಹೇಳುತ್ತಾರೆ. ಕೇಳುವ ಧೈರ್ಯ ನನಗಿಲ್ಲ.

ಚಾಚಾ ಅವ್ವನ ಕಡೆ ನೋಡುತ್ತಿದ್ದರು. ನಾನೂ ತಿರುಗಿದೆ. ಅವ್ವನ ಬಲ ಅಂಗೈ ತನ್ನ ಮಡಿಲ ಮೇಲೆ, ಅಲ್ಲಿ ಏನೋ ಇದೆ ಎಂಬಂತೆ, ಒತ್ತಿಕೊಂಡು ಕೂತಿತ್ತು.

ಇಲ್ಲಿ ‘ನನಗೆ ಗೊತ್ತಿರಲಿಲ್ಲ’ ಎಂದು ಬರೆಯಲು ಕೈ ಹೋಯಿತು. ಅದು ಸುಳ್ಳು. ನನಗೆ ಗೊತ್ತಿತ್ತು. ನನಗಿಂತ ಮೊದಲು ಅವ್ವನಿಗೆ ಒಂದು ಗಂಡುಕೂಸು ಹುಟ್ಟಿತ್ತು. ಇಜೇರಿ ಹಳ್ಳಿಯಲ್ಲಿದ್ದಾಗ ಜ್ವರ ಬಂದು, ಗಾಡಿ ಕಟ್ಟಿಕೊಂಡು ಜೇವರ್ಗಿಯ ದವಾಖಾನೆಗೆ ತರುವಾಗ ದಾರಿಯಲ್ಲೇ ಹೋಗಿಬಿಟ್ಟಿತು. ಎಂ.ಎ. ಓದುವಾಗ ನಮ್ಮ ಮನೆತನದ ವಂಶಾವಳಿ ಬರೆದು ತರಲು ಹೇಳಿದ್ದರು. ನಾನೇ ಅದನ್ನು ಬರೆದಿದ್ದೇನೆ. “ಮೊದಲ ಮಗು, ಗಂಡು, ಹನ್ನೊಂದು ತಿಂಗಳು” ಎಂದು ಬರೆದು, ಅದರ ಮುಂದೆ ಸ್ಕೇಲು ಹಿಡಿದು ಒಂದು ಅಡ್ಡಗೆರೆ ಎಳೆದಿದ್ದೇನೆ. ಗೆರೆ ನೇರವಾಗಿತ್ತು ಎಂದು ಸರ್ ಮೆಚ್ಚಿದ್ದರು. ಹೀಗೆ ಗೊತ್ತಿದ್ದೂ, ಆ ಗಾಡಿ ಮತ್ತು ಈ ಗಾಡಿ ಎರಡೂ ಒಂದೇ ದಾರಿಯಲ್ಲಿವೆ ಎಂದು ಎರಡು ತಿಂಗಳಲ್ಲಿ ಒಮ್ಮೆಯೂ ನನಗೆ ಹೊಳೆಯಲಿಲ್ಲ. ಹದಿನೇಳು ದೋಷ ಬರೆದ ಮನುಷ್ಯ ಒಂದೇ ಒಂದು ಮಾತನ್ನು ಬರೆಯಲಾರದೆ ಒದ್ದಾಡುತ್ತಿದ್ದ. ನಾನು ಅವನಿಗೆ ನೂರಕ್ಕೆ ಏಳು ಕೊಟ್ಟಿದ್ದೆ.

ಚಾಚಾ ಎದ್ದರು. ಆಳಂದದ ಬಸ್ಸಿಗೆ ಹೊತ್ತಾಯಿತು ಎಂದರು. ಹನ್ನೆರಡೂವರೆಗೆ ಆಳಂದಕ್ಕೆ ಯಾವ ಬಸ್ಸೂ ಇಲ್ಲ. ಆದರೂ ಎಲ್ಲರೂ ಅವರ ಹಿಂದೆ ಎದ್ದು, ಚಪ್ಪಲಿಯ ಸದ್ದೂ ಆಗದಂತೆ ಹೊರಗೆ ಹೋದರು. ನಾನು ಟಿವಿ ಆರಿಸಿದೆ. ಮಾಮಾ ಹೊಸ್ತಿಲ ಆಚೆಯೇ ನಿಂತಿದ್ದರು, ತಪ್ಪು ಮಾಡಿದವರು ತಾವು ಎಂಬಂತೆ.

“ಒಳಗ ಬಾ” ಎಂದಳು ಅವ್ವ.

ಬಂದು ಅವಳ ಕುರ್ಚಿಯ ಹತ್ತಿರ ನೆಲದ ಮೇಲೆ ಕೂತರು.

“ನೀ ಕತ್ತರಿಸಿದ್ದಿ.”

“ಹೂಂ.”

“ಮಾಲಕಗ ಗೊತ್ತಾಗಿದ್ರ?”

“ಅವತ್ತ ಕೆಲಸಾ ಬಿಡಸ್ತಿದ್ದ. ಕಂಪನಿ ಪ್ರಿಂಟು ಅದು.”

“ಆ ತುಂಡು ಎಲ್ಲಿಟ್ಟಿದ್ದಿ?”

“ದಿನಾ ಮನಿಗಿ ತರ್ತಿದ್ದೆ. ಟೆಂಟಿನಾಗ ಬಿಟ್ರ ನಾ ಇಲ್ಲದಾಗ ಯಾರರ ಜೋಡಿಸ್ತಾರ ಅಂತ. ಪ್ರಿಂಟು ಹೋಗೋ ದಿನ ಮತ್ತ ಅಂಟಿಸಿ ಕಳಿಸಿದೆ.”

ಕೂಸು ಹೋದ ಆ ವರ್ಷ ಅವ್ವ ಜೇವರ್ಗಿಯ ತವರಿನಲ್ಲಿದ್ದು, ಮನೆಯ ಹೊರಗೆ ಕಾಲಿಟ್ಟಿರಲಿಲ್ಲವಂತೆ. ನೀರಿಗೂ ಹೋಗುತ್ತಿರಲಿಲ್ಲ, ಯಾರ ಮನೆಗೂ ಹೋಗುತ್ತಿರಲಿಲ್ಲ. ಒಮ್ಮೆ ಟೆಂಟಿಗೆ ಬಾ ಅಕ್ಕಾ ಎಂದು ಮಾಮಾ ದಿನವೂ ಕರೆಯುತ್ತಿದ್ದರಂತೆ. ಇದನ್ನೆಲ್ಲ ನನಗೆ ಆಮೇಲೆ ಅತ್ತೆ ಹೇಳಿದ್ದು. ಆಗ ನನಗೆ ಕೇಳಿಸಿದ್ದು ಅವ್ವನ ಲೆಕ್ಕ ಮಾತ್ರ.

“ಏಳು ವಾರ ತಗದಿಟ್ಟಿದ್ದೇನು? ನಾ ಬಂದಿದ್ದು ಒಂದ ದಿನ, ಅದೂ ಕಡೀ ವಾರದಾಗ.”

“ನೀ ಯಾವತ್ತು ಬರ್ತಿ ಅಂತ ನನಗೇನು ಗೊತ್ತಿತ್ತಕ್ಕಾ?”

ನಾನು ಗೋಡೆಗೆ ಒರಗಿ ನಿಂತಿದ್ದೆ. ಏನಾದರೂ ಹೇಳಬೇಕಿತ್ತು, ಕ್ಷಮೆ ಕೇಳಬೇಕಿತ್ತು. ಇಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ. ಅವ್ವ ಮಡಿಲ ಮೇಲಿನ ಕೈ ಎತ್ತಿ ತಮ್ಮನ ತಲೆಗೆ ಅಂಟಿದ್ದ ಜೇಡರ ಬಲೆಯನ್ನು ಬಿಡಿಸಿದಳು. ಬಿಡಿಸುತ್ತಾ, ನಾನು ಹುಟ್ಟಿದಂದಿನಿಂದ ಈ ಮನೆಯಲ್ಲಿ ಯಾರೂ ಉಚ್ಚರಿಸದ ಒಂದು ಹೆಸರನ್ನು, ನಿನ್ನೆಯಷ್ಟೇ ಕರೆದಿದ್ದಂತೆ, ಸಲೀಸಾಗಿ ಹೇಳಿದಳು. ಅವನಿಗೆ ಆಗ ಎರಡು ಹಲ್ಲು ಬಂದಿದ್ದವು ಎಂದಳು.

“ಮೂರು” ಎಂದರು ಮಾಮಾ.

“ಎರಡೋ. ಕೆಳಗಿನ್ವು ಎರಡು.”

“ಮ್ಯಾಲ ಒಂದು ಮೂಡಿತ್ತಕ್ಕಾ. ನಿನಗ ಕಂಡಿಲ್ಲ. ನನ್ನ ಕೈಬಟ್ಟು ಕಚ್ಚಿದ್ದ, ನನಗ ಗೊತ್ತಿಲ್ಲೇನು?”